ಕೆರೆಗೆ ಪಾಚಿ ಬಿಟ್ಟರೆ ನೀರಿನ ವಿಷ ಹೋಗುತ್ತದಾ? ಗೊತ್ತಿರುವವರು ಹೇಳಿ

ಕೆರೆ ಏರಿ

ನಮ್ಮದು ಬೆಂಗಳೂರಿನ ಅಂಚಿನಲ್ಲಿರುವ ಒಂದು ಸಣ್ಣ ಕೆರೆ. ಹೆಸರು ಹೇಳಿದರೆ ಇಲ್ಲೇ ಜಗಳ ಶುರುವಾಗುತ್ತದೆ, ಬೇಡ. ಮೇಲಿನ ಲೇಔಟ್‌ಗಳ ಕೊಳಚೆ ರಾಜಕಾಲುವೆಯಲ್ಲಿ ಬಂದು ಬೀಳುತ್ತದೆ. ಅದರ ಜೊತೆಗೆ ಒಂದಷ್ಟು ವರ್ಕ್‌ಶಾಪ್‌ಗಳ ನೀರು. ಹೂಳು ಪರೀಕ್ಷೆ ಮಾಡಿಸಿದಾಗ ಸೀಸ, ಕ್ರೋಮಿಯಂ ಎರಡೂ ಸಿಕ್ಕಿವೆ.

ಈಗ ಒಬ್ಬರು ಬಂದು ನಮ್ಮ ಸಮಿತಿಗೆ ಒಂದು ಸ್ಕೀಮ್ ತೋರಿಸಿದ್ದಾರೆ. ಸಿಹಿನೀರಿನ ಪಾಚಿಯ ಕಲ್ಚರ್ ಅಂತೆ. ತಿಂಗಳಿಗೊಮ್ಮೆ ಕ್ಯಾನ್‌ಗಟ್ಟಲೆ ಕೆರೆಗೆ ಸುರಿದರೆ ಲೋಹ ಎಲ್ಲಾ ಹೀರಿಕೊಂಡು ನೀರು ತಿಳಿಯಾಗುತ್ತದಂತೆ. ಹೂಳು ಎತ್ತುವ ಖರ್ಚೂ ಇಲ್ಲವಂತೆ. ಸಮಿತಿಯಲ್ಲಿ ಅರ್ಧ ಜನ ಸೈ ಹಾಕೋಣ ಅಂತ ತುದಿಗಾಲಲ್ಲಿ ನಿಂತಿದ್ದಾರೆ. ನಿಜವಾಗಿಯೂ ಪಾಚಿ ವಿಷ ಹೀರುತ್ತದಾ? ಅಥವಾ ಸುಮ್ನೆ ಕಥೆನಾ?

ಅರ್ಧಂಬರ್ಧ ಜಾಣ

ನಿಮ್ಮ ಕೆರೆ ಈಗಲೇ ಹಸಿರಾಗಿದೆ ತಾನೇ? ಪುಕ್ಕಟೆ ಬೆಳೆಯುವ ಪಾಚಿಗೆ ಮತ್ತೆ ದುಡ್ಡು ಕೊಡುವುದು ಯಾಕೆ ಸ್ವಾಮಿ.

ಲ್ಯಾಬ್ ಕೋಟು

ಕಥೆ ಅಲ್ಲ. ಪಾಚಿ ಲೋಹ ಹಿಡಿಯುವುದು ನಿಜ, ಚೆನ್ನಾಗಿಯೇ ಹಿಡಿಯುತ್ತದೆ. ಇದು ನನ್ನ ಕೆಲಸಕ್ಕೆ ಹತ್ತಿರದ ವಿಷಯ, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಪಾಚಿಯ ಕೋಶದ ಹೊರಗೋಡೆಯಲ್ಲಿ ಕಾರ್ಬಾಕ್ಸಿಲ್, ಫಾಸ್ಫೇಟ್, ಅಮೈನೋ ಗುಂಪುಗಳು ಇರುತ್ತವೆ. ಇವುಗಳಲ್ಲಿ ಬಹಳಷ್ಟಕ್ಕೆ ಋಣ ವಿದ್ಯುದಂಶ. ಸೀಸ, ಕ್ಯಾಡ್ಮಿಯಂ, ತಾಮ್ರದ ಅಯಾನುಗಳಿಗೆ ಧನ ವಿದ್ಯುದಂಶ. ಹಾಗಾಗಿ ಅಂಟಿಕೊಳ್ಳುತ್ತವೆ, ಅದೂ ನಿಮಿಷಗಳಲ್ಲಿ. ಇದಕ್ಕೆ ಪಾಚಿ ಬದುಕಿರಲೇಬೇಕು ಅಂತಿಲ್ಲ. ಒಣಗಿಸಿ ಪುಡಿ ಮಾಡಿದ್ದೂ ಹಿಡಿಯುತ್ತದೆ, ಕೆಲವು ಸಲ ಬದುಕಿದ್ದಕ್ಕಿಂತ ಜಾಸ್ತಿ.

ಎರಡನೆಯದು ನಿಧಾನದ ಕೆಲಸ. ಬದುಕಿರುವ ಕೋಶ ಲೋಹವನ್ನು ಒಳಗೆ ತೆಗೆದುಕೊಳ್ಳುತ್ತದೆ. ಕ್ಯಾಡ್ಮಿಯಂ ಒಳಗೆ ಬಂದರೆ ಫೈಟೋಕೆಲಾಟಿನ್ ಎಂಬ ಸಣ್ಣ ಪೆಪ್ಟೈಡ್ ತಯಾರಿಸಿ ಅದನ್ನು ಕಟ್ಟಿಹಾಕುತ್ತದೆ. ಗಂಟೆಗಳು, ದಿನಗಳು ಬೇಕು. ಲೋಹ ಜಾಸ್ತಿಯಾದರೆ ಪಾಚಿಯೇ ಸಾಯುತ್ತದೆ.

ಕ್ಲೋರೆಲ್ಲಾ, ಸಿನೆಡೆಸ್ಮಸ್ ಎಂಬ ಸೂಕ್ಷ್ಮ ಪಾಚಿಗಳ ಮೇಲೆ ಸಾಕಷ್ಟು ಕೆಲಸ ಆಗಿದೆ. ಬರಿಗಣ್ಣಿಗೆ ಕಾಣುವ ಸ್ಪೈರೋಗೈರಾ ಗೊತ್ತಲ್ವಾ? ಬಾವಿ ಕಟ್ಟೆ, ಗದ್ದೆ ಕಾಲುವೆಯಲ್ಲಿ ನೂಲಿನಂತೆ ಲೋಳೆ ಲೋಳೆಯಾಗಿ ಕೈಗೆ ಸುತ್ತಿಕೊಳ್ಳುವುದು. ಅದೂ ಲೋಹ ಹಿಡಿಯುತ್ತದೆ.

ಆದರೆ ಎಲ್ಲಾ ಲೋಹಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ಸೀಸ, ತಾಮ್ರ, ಕ್ಯಾಡ್ಮಿಯಂ ಪಿಎಚ್ (ನೀರಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಆಸಿಡ್ ಜಾಸ್ತಿ) 4ರಿಂದ 6ರ ಆಸುಪಾಸಿನಲ್ಲಿ ಚೆನ್ನಾಗಿ ಅಂಟುತ್ತವೆ. ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ಹೆಚ್ಚು ವಿಷದ ರೂಪ, ಉಲ್ಟಾ. ಅದು ನೀರಿನಲ್ಲಿ ಕ್ರೋಮೇಟ್ ರೂಪದಲ್ಲಿ, ಋಣ ವಿದ್ಯುದಂಶದಲ್ಲಿ ಇರುತ್ತದೆ. ಪಿಎಚ್ 2ರ ಹತ್ತಿರ ಇಳಿಸಿದರೆ ಮಾತ್ರ ಪಾಚಿ ಅದನ್ನು ಸರಿಯಾಗಿ ಹಿಡಿಯುತ್ತದೆ. ಲ್ಯಾಬಿನಲ್ಲಿ ನೋಡಲು ಚೆಂದ. ಹಳದಿ ನೀರಿಗೆ ಒಣ ಪಾಚಿ ಪುಡಿ ಹಾಕಿ ಆಸಿಡ್ ಬಿಟ್ಟು ಅಲ್ಲಾಡಿಸುತ್ತಾ ಇದ್ದರೆ ಹಳದಿ ಮೆಲ್ಲಗೆ ಸಪ್ಪೆಯಾಗುತ್ತದೆ. ಆದರೆ ನಿಮ್ಮ ಕೆರೆಯ ಪಿಎಚ್ 8ರ ಮೇಲಿರುತ್ತದೆ, ಮಧ್ಯಾಹ್ನ ಇನ್ನೂ ಜಾಸ್ತಿ. ಪಿಎಚ್ 2ಕ್ಕೆ ಇಳಿಸಿದರೆ ಅದು ಕೆರೆಯಾಗಿ ಉಳಿಯುವುದಿಲ್ಲ.

ಕೆರೆ ಏರಿ

ಅಂದ್ರೆ ಕ್ರೋಮಿಯಂ ಬಿಟ್ಟು ಸೀಸದ ಮಟ್ಟಿಗೆ ಅವರು ಹೇಳಿದ್ದು ಸರಿ ಅಂತ ಆಯ್ತಲ್ಲ?

ಲ್ಯಾಬ್ ಕೋಟು

ಅರ್ಧ ಸರಿ. ಹಿಡಿದ ಮೇಲೆ ಆ ಸೀಸ ಎಲ್ಲಿಗೆ ಹೋಯಿತು ಅಂತ ಅವರನ್ನು ಕೇಳಿ.

ಸೀಸ ಮೂಲವಸ್ತು. ಯಾವ ಜೀವಿಯೂ ಅದನ್ನು ತಿಂದು ಅರಗಿಸಿ ಇಲ್ಲದಂತೆ ಮಾಡಲು ಆಗುವುದಿಲ್ಲ. ಮೊದಲು ನೀರಿನಲ್ಲಿ ಇತ್ತು, ಈಗ ಪಾಚಿಯಲ್ಲಿದೆ. ಪಾಚಿ ಕೆಲವು ವಾರಗಳಲ್ಲಿ ಸತ್ತು ತಳಕ್ಕೆ ಹೋಗುತ್ತದೆ. ಅಲ್ಲಿ ಕೊಳೆತಾಗ ಸ್ವಲ್ಪ ಹೂಳಿನಲ್ಲಿ ಉಳಿಯುತ್ತದೆ, ಸ್ವಲ್ಪ ಮತ್ತೆ ನೀರಿಗೆ ಬರುತ್ತದೆ. ಇಲ್ಲವೇ ಪಾಚಿಯನ್ನು ಮೀನು ತಿನ್ನುತ್ತದೆ, ಮೀನನ್ನು ನಾವು. ಹೂಳು ಎತ್ತಬೇಕಿಲ್ಲ ಅಂದರಲ್ಲ, ಆ ಮಾತೇ ತಲೆಕೆಳಗು. ಈ ವಿಧಾನ ಕೆಲಸ ಮಾಡಿದಷ್ಟೂ ಹೂಳಿನಲ್ಲಿ ವಿಷ ಜಾಸ್ತಿಯಾಗುತ್ತದೆ.

ಪಾಚಿಯನ್ನು ಬೆಳೆಸಿ, ಹಿಡಿದ ಮೇಲೆ ಹೊರಗೆ ತೆಗೆದರೆ ಮಾತ್ರ ಅದನ್ನು ಶುದ್ಧೀಕರಣ ಅನ್ನಬಹುದು. ಕಷ್ಟ ಇರುವುದೇ ಆ ತೆಗೆಯುವುದರಲ್ಲಿ. ಕ್ಲೋರೆಲ್ಲಾ ಕೋಶ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ಹತ್ತು ಭಾಗದಷ್ಟು ಸಣ್ಣದು, ಬಟ್ಟೆಯಲ್ಲಿ ಸೋಸಲು ಆಗುವುದಿಲ್ಲ. ತೆರೆದ ಹೊಂಡದಲ್ಲಿ ಹುಲುಸಾಗಿ ಬೆಳೆದರೂ ಲೀಟರಿಗೆ ಅರ್ಧ ಗ್ರಾಂ ಆಸುಪಾಸು ಸಿಗುತ್ತದೆ. ಸಾವಿರ ಲೀಟರ್ ನೀರು ಸೋಸಿದರೆ ಅರ್ಧ ಕೆಜಿ ಒಣ ಪಾಚಿ. ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಬೇರ್ಪಡಿಸುವ ಯಂತ್ರ) ಹಾಕಿದರೆ ಕರೆಂಟ್ ಬಿಲ್ಲೇ ಯೋಜನೆಯನ್ನು ನುಂಗುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ಲೀಟರ್ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸೀಸ ಇದೆ ಅಂದುಕೊಳ್ಳಿ. ಒಟ್ಟು 100 ಗ್ರಾಂ. ಒಂದು ಗ್ರಾಂ ಒಣ ಪಾಚಿ 50 ಮಿಲಿಗ್ರಾಂ ಹಿಡಿಯುತ್ತದೆ ಎಂದಿಟ್ಟುಕೊಂಡರೆ 2 ಕೆಜಿ ಪಾಚಿ ಸಾಕು. ಕಾಗದದ ಮೇಲೆ ಬಹಳ ಸುಲಭ, ಅಲ್ವಾ? ಆದರೆ ಆ 2 ಕೆಜಿಯಲ್ಲಿ ಶೇ. 5ರಷ್ಟು ಸೀಸ. ಅದನ್ನು ಗೊಬ್ಬರಕ್ಕೂ ಹಾಕುವಂತಿಲ್ಲ, ಸುಡುವಂತಿಲ್ಲ. ಅಪಾಯಕಾರಿ ತ್ಯಾಜ್ಯ ಅಂತ ದಾಬಸ್‌ಪೇಟೆ ಕಡೆಯ ಘಟಕಕ್ಕೇ ಕಳಿಸಬೇಕು. ಮತ್ತೆ ಕೆರೆ ನೀರಿನಲ್ಲಿ ಸೀಸ ಇದಕ್ಕಿಂತ ಎಷ್ಟೋ ಕಮ್ಮಿ ಇರುತ್ತದೆ. ನೀರು ತೆಳುವಾದಷ್ಟೂ ಪ್ರತಿ ಗ್ರಾಂ ಹಿಡಿಯುವುದೂ ಇಳಿಯುತ್ತದೆ. ಕುಡಿಯುವ ನೀರಿಗೆ ನಮ್ಮ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಲ್ಲಿಗೆ ತಲುಪಿಸುವುದು ಇನ್ನೊಂದು ಆಟ.

ಫ್ರೀಮಾಂಟ್ ಕನ್ನಡಿಗ

ಮೇಲಿನ ಮಾತಿಗೆ ನಮ್ಮ ಕಡೆಯ ಒಂದು ಉದಾಹರಣೆ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ಕಣಿವೆಯಲ್ಲಿ ಕೆಸ್ಟರ್‌ಸನ್ ಅಂತ ಒಂದು ಜಲಾಶಯ ಇತ್ತು. ಹೊಲಗಳಿಂದ ಬಸಿದು ಬಂದ ನೀರನ್ನು ಅಲ್ಲಿಗೆ ಬಿಡುತ್ತಿದ್ದರು. ಆ ಮಣ್ಣಿನಲ್ಲಿ ಸೆಲೆನಿಯಂ ಜಾಸ್ತಿ. ನೀರಿನಲ್ಲಿದ್ದ ಸೆಲೆನಿಯಂ ಪಾಚಿಗೆ, ಪಾಚಿಯಿಂದ ಹುಳುಗಳಿಗೆ, ಹುಳುಗಳಿಂದ ನೀರುಹಕ್ಕಿಗಳಿಗೆ ಏರಿತು. 1983ರಲ್ಲಿ ನೋಡಿದರೆ ಮೊಟ್ಟೆಯೊಳಗಿನ ಮರಿಗಳಿಗೆ ಕಣ್ಣಿಲ್ಲ, ಕೊಕ್ಕು ವಕ್ರ, ಕಾಲಿಲ್ಲ. ಪಾಚಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಅದನ್ನು ಹೊರಗೆ ತೆಗೆಯುವವರು ಇರಲಿಲ್ಲ ಅಷ್ಟೇ.

ಇದೇ ರಾಜ್ಯದಲ್ಲೇ ಪಾಚಿಯನ್ನು ಸರಿಯಾಗಿ ದುಡಿಸಿದವರೂ ಇದ್ದಾರೆ. ಬರ್ಕ್ಲಿಯ ವಿಲಿಯಂ ಆಸ್ವಾಲ್ಡ್ 1950ರ ದಶಕದಿಂದಲೇ ಕೊಳಚೆ ನೀರಿಗೆ ಪಾಚಿ ಹೊಂಡ ಕಟ್ಟುತ್ತಾ ಬಂದರು. ರೇಸ್ ಟ್ರ್ಯಾಕ್ ಆಕಾರದ, ಒಂದಡಿ ಆಳದ ಹೊಂಡ. ಪ್ಯಾಡಲ್ ಚಕ್ರ ನೀರನ್ನು ಮೆಲ್ಲಗೆ ತಿರುಗಿಸುತ್ತಾ ಇರುತ್ತದೆ. ಪಾಚಿ ಆಮ್ಲಜನಕ ಕೊಡುತ್ತದೆ, ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತದೆ. ಗಾಳಿ ಊದುವ ಮೋಟಾರಿನ ಖರ್ಚು ಉಳಿಯಿತು. ಆದರೆ ಅದು ಕಟ್ಟಿದ ಹೊಂಡ, ಕೆರೆ ಅಲ್ಲ. ಆ ವ್ಯತ್ಯಾಸ ನಿಮ್ಮ ಸಮಿತಿಯವರಿಗೆ ಮೊದಲು ತಿಳಿಯಬೇಕು.

ಪ್ಲೇಟಿಂಗ್ ಶಾಪ್

ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕ್ರೋಮ್ ಪ್ಲೇಟಿಂಗ್ ಕೆಲಸ ಮಾಡಿದವನು. ಕ್ರೋಮಿಯಂ ಅಂದಾಗ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ಪ್ಲೇಟಿಂಗ್ ತೊಟ್ಟಿಯಿಂದ ತೆಗೆದ ಸಾಮಾನನ್ನು ತೊಳೆಯುತ್ತೇವಲ್ಲ, ಆ ತೊಳೆದ ನೀರೇ ದೊಡ್ಡ ತಲೆನೋವು. ಹಳದಿ ನೀರು. ಅದಕ್ಕೆ ಆಸಿಡ್ ಹಾಕಿ ಪಿಎಚ್ ಇಳಿಸುತ್ತೇವೆ, ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್. ಕಣ್ಣೆದುರೇ ಹಳದಿ ಹೋಗಿ ಹಸಿರು ಬರುತ್ತದೆ. ಹೆಕ್ಸಾವೇಲೆಂಟ್ ಹೋಗಿ ಕಮ್ಮಿ ವಿಷದ ಟ್ರೈವೇಲೆಂಟ್ ಆಯ್ತು ಅಂತ ಅರ್ಥ. ಆಮೇಲೆ ಸುಣ್ಣ ಹಾಕಿದರೆ ಹಸಿರು ಗಸಿ ತಳಕ್ಕೆ ಕೂರುತ್ತದೆ. ಆ ಗಸಿಯನ್ನು ಒತ್ತಿ ಒಣಗಿಸಿ ಮೂಟೆ ಕಟ್ಟಿ ಕಳಿಸಬೇಕು. ಇಷ್ಟು ಮಾಡಿದರೆ ಸಾಕು, ದೊಡ್ಡ ವಿಜ್ಞಾನ ಏನೂ ಬೇಡ. ಮಾಡದೆ ರಾತ್ರಿ ಮೋರಿಗೆ ಬಿಡುವವರು ಇರುವುದೇ ಸಮಸ್ಯೆ. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಇಳಿದದ್ದು ಹೀಗೆ.

ಪಾಚಿ ಪುಡಿಯ ಫಿಲ್ಟರ್ ಇದ್ದರೆ ಸುಣ್ಣದ ನಂತರ ಉಳಿಯುವ ಚೂರುಪಾರು ಹಿಡಿಯಲು ಉಪಯೋಗಕ್ಕೆ ಬರಬಹುದೇನೋ. ಅದೂ ಫ್ಯಾಕ್ಟರಿಯ ಕಾಂಪೌಂಡ್ ಒಳಗೆ. ಮೋರಿಗೆ ಬಿಟ್ಟು, ಊರ ನೀರೆಲ್ಲ ಸೇರಿಸಿ, ಕೆರೆಯಲ್ಲಿ ಹುಡುಕಿಕೊಂಡು ಹೋಗುವುದು ಹುಚ್ಚಾಟ.

ಲ್ಯಾಬ್ ಕೋಟು

ಪ್ಲೇಟಿಂಗ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ಅಂಥ ಫಿಲ್ಟರ್ ಮಾಡಿಯೂ ನೋಡಿದ್ದಾರೆ. ಕ್ಲೋರೆಲ್ಲಾವನ್ನು ಸಿಲಿಕಾ ಜೆಲ್ ಒಳಗೆ ಕೂರಿಸಿ ಆಲ್ಗಾಸಾರ್ಬ್ ಅಂತ ಅಮೆರಿಕದಲ್ಲಿ 1980ರ ದಶಕದಲ್ಲಿ ತಂದಿದ್ದರು. ಲೋಹ ತುಂಬಿದ ಮೇಲೆ ಆಸಿಡ್‌ನಲ್ಲಿ ತೊಳೆದು ಮತ್ತೆ ಬಳಸಬಹುದಿತ್ತು. ಕೆಲಸ ಮಾಡಿತು, ಆದರೆ ಮಾರುಕಟ್ಟೆಯಲ್ಲಿ ಅಯಾನ್ ಎಕ್ಸ್‌ಚೇಂಜ್ ರೆಸಿನ್ (ಲೋಹ ಹಿಡಿಯುವ ಕೃತಕ ಮಣಿಗಳು) ಮುಂದೆ ನಿಲ್ಲಲಿಲ್ಲ. ರೆಸಿನ್ ಪ್ರತಿ ಸಲ ಒಂದೇ ಥರ ಇರುತ್ತದೆ. ಪಾಚಿ ಒಂದು ಬ್ಯಾಚ್‌ಗೂ ಇನ್ನೊಂದಕ್ಕೂ ಬೇರೆ ಬೇರೆ.

ಬಿಡದಿ ಸೀಮೆ

ನೀವೆಲ್ಲ ಕೆರೆ ಚೆಂದ ಕಾಣಬೇಕು ಅಂತ ಮಾತಾಡ್ತಿದ್ದೀರಿ. ನಾವು ಅದೇ ನೀರಿನಲ್ಲಿ ಬೆಳೆಯುವವರು. ವೃಷಭಾವತಿ ನಿಮ್ಮ ಊರಿನ ಕೊಳೆಯನ್ನೆಲ್ಲ ಹೊತ್ತು ಬೈರಮಂಗಲ ಕೆರೆಗೆ ತರುತ್ತಾಳೆ. ಒಂದು ಕಾಲದಲ್ಲಿ ಭತ್ತ, ಕಬ್ಬು ಬೆಳೆದ ನೆಲ. ಈಗ ಬೇಬಿ ಕಾರ್ನ್, ಹಿಪ್ಪುನೇರಳೆ, ಹಸುವಿಗೆ ಹುಲ್ಲು. ನೀರಿಗೆ ಕಾಲಿಟ್ಟರೆ ನವೆ. ಬೋರ್‌ವೆಲ್ ನೀರಿಗೂ ಬಣ್ಣ.

ನನ್ನ ಪ್ರಶ್ನೆ ಒಂದೇ. ಕಾಲುವೆಯಿಂದ ಹೊಲಕ್ಕೆ ಬರುವ ನೀರನ್ನು ಒಂದು ಸಣ್ಣ ಹೊಂಡದಲ್ಲಿ ಪಾಚಿ ಬೆಳೆಸಿ ಬಿಟ್ಟರೆ ನಮ್ಮ ಮಟ್ಟಕ್ಕೆ ಏನಾದರೂ ಅನುಕೂಲ ಇದೆಯಾ?

ಲ್ಯಾಬ್ ಕೋಟು

ಇದೆ, ಆದರೆ ಸ್ವಲ್ಪ. ನೀರು ಎರಡು ಮೂರು ದಿನ ಹೊಂಡದಲ್ಲಿ ನಿಂತರೆ ಗಸಿ ತಳಕ್ಕೆ ಕೂರುತ್ತದೆ. ಲೋಹದ ದೊಡ್ಡ ಪಾಲು ಆ ಗಸಿಗೇ ಅಂಟಿರುತ್ತದೆ, ಹಾಗಾಗಿ ಪಾಚಿಗಿಂತ ಮೊದಲು ನಿಲ್ಲಿಸುವುದೇ ಲಾಭ. ನೂಲಿನ ಪಾಚಿ ಬೆಳೆದರೆ ಕುಂಟೆಯಿಂದ ಎಳೆದು ತೆಗೆಯಬಹುದು, ಸೋಸುವ ಗೋಜಿಲ್ಲ. ತೆಗೆದದ್ದನ್ನು ದಯವಿಟ್ಟು ತಿಪ್ಪೆಗೆ ಹಾಕಬೇಡಿ, ದನಕ್ಕೂ ಹಾಕಬೇಡಿ. ತಳದ ಗಸಿಯನ್ನೂ ಹೊಲಕ್ಕೆ ಚೆಲ್ಲಬೇಡಿ. ಅದನ್ನು ಎಲ್ಲಿ ಹಾಕಬೇಕು ಅನ್ನುವ ಪ್ರಶ್ನೆಗೆ ಒಬ್ಬ ರೈತನ ಹತ್ತಿರ ಉತ್ತರ ಇರುವುದಿಲ್ಲ, ಇರಬೇಕು ಅನ್ನುವುದೂ ಅನ್ಯಾಯ. ಸೊಪ್ಪು ತರಕಾರಿಗಂತೂ ಆ ನೀರು ಬೇಡ. ಎಲೆಗಳಲ್ಲಿ ಕ್ಯಾಡ್ಮಿಯಂ ಬೇಗ ಸೇರುತ್ತದೆ.

ಬಿಡದಿ ಸೀಮೆ

ಸೊಪ್ಪು ಬೇಡ ಅಂತ ಹೇಳೋದು ಸುಲಭ. ಮಾರ್ಕೆಟ್‌ನಲ್ಲಿ ದಿನಾ ದುಡ್ಡು ಕೊಡೋದು ಅದೇ. ಇರಲಿ, ಗಸಿ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್. ನಾವು ಇಷ್ಟು ದಿನ ಅದನ್ನು ಒಳ್ಳೆ ಗೊಬ್ಬರ ಅಂದುಕೊಂಡೇ ಹರಡುತ್ತಿದ್ದೆವು.

ಹಸಿರು ಹನಿ

ನಾನು ಇಂಥ ಉತ್ಪನ್ನ ಮಾರುವವರ ಪೈಕಿ. ಮೊದಲ ಪೋಸ್ಟ್‌ನಲ್ಲಿ ಹೇಳಿದ ಕಂಪನಿ ನಮ್ಮದಲ್ಲ. ಎಲ್ಲರನ್ನೂ ಕಳ್ಳರು ಅನ್ನುವ ಧಾಟಿ ಬೇಡ. ನಾವು ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಬೆಳೆಸುವ ಪೋಷಕಾಂಶ ಕೊಡುತ್ತೇವೆ. ಹಾಕಿದ ಕಡೆ ವಾಸನೆ ಕಮ್ಮಿಯಾಗಿದೆ, ನೀರಿನಲ್ಲಿ ಆಮ್ಲಜನಕ ಏರಿದೆ. ಜನ ಕೆರೆ ದಂಡೆಯಲ್ಲಿ ಮತ್ತೆ ವಾಕಿಂಗ್ ಹೋಗುತ್ತಿದ್ದಾರೆ. ಅದು ಸಣ್ಣ ವಿಷಯನಾ?

ಲ್ಯಾಬ್ ಕೋಟು

ಸಣ್ಣದಲ್ಲ. ಕೊಳಚೆಯ ವಾಸನೆ, ಆಮ್ಲಜನಕದ ವಿಷಯದಲ್ಲಿ ನಿಮ್ಮ ಮಾತು ಒಪ್ಪಬಹುದು. ಬೆಳಕಿದ್ದಾಗ ಯಾವ ಪಾಚಿಯಾದರೂ ಆಮ್ಲಜನಕ ಕೊಡುತ್ತದೆ. ನೀರಿನಲ್ಲಿರುವ ಅಮೋನಿಯಾ, ಫಾಸ್ಫೇಟನ್ನೂ ತಿನ್ನುತ್ತದೆ. ಫೀನಾಲ್, ಬಟ್ಟೆ ಬಣ್ಣದಂಥ ಕೆಲವು ಸಾವಯವ ವಿಷಗಳನ್ನು ಪಾಚಿ ಮತ್ತು ಬ್ಯಾಕ್ಟೀರಿಯಾ ಸೇರಿ ನಿಜವಾಗಿಯೂ ಒಡೆಯುತ್ತವೆ, ಅಲ್ಲಿ ವಿಷ ಇಲ್ಲವಾಗುತ್ತದೆ. ನನ್ನ ತಕರಾರು ಲೋಹದ ಬಗ್ಗೆ ಮಾತ್ರ. ನಿಮ್ಮ ಬ್ರೋಷರ್‌ನಲ್ಲಿ ಲೋಹ ಮಾಯ ಅಂತ ಬರೆದಿಲ್ಲ ಅಂದರೆ ಜಗಳವೇ ಇಲ್ಲ.

ಹಸಿರು ಹನಿ

ಬರೆದಿಲ್ಲ. ಸೇಲ್ಸ್ ಹುಡುಗರು ಬಾಯಲ್ಲಿ ಏನು ಹೇಳುತ್ತಾರೋ, ಅದಕ್ಕೆ ಗ್ಯಾರಂಟಿ ಕೊಡಲಾರೆ.

ಅರ್ಧಂಬರ್ಧ ಜಾಣ

ಇಡೀ ಚರ್ಚೆಯಲ್ಲಿ ಅತಿ ಪ್ರಾಮಾಣಿಕ ಪೋಸ್ಟ್ ಇದೇ 😄

ಬಲೆಗಾರ

ಮೀನಿನ ಬಗ್ಗೆ ಯಾರೂ ಮಾತಾಡಲಿಲ್ಲ. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ ಸರಿ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ದಟ್ಟ ಹಸಿರು ಕೆರೆಯಲ್ಲಿ ಬೆಳಗಿನ ಜಾವ ಮೀನು ಬಾಯಿ ಮೇಲೆ ಮಾಡಿ ಗುಟುಕು ಗುಟುಕಾಗಿ ಗಾಳಿ ಕುಡಿಯುವುದನ್ನು ನಾವು ನೋಡಿಯೇ ಇರುತ್ತೇವೆ. ಮೋಡ ಮುಚ್ಚಿದ ಮರುದಿನ ಇನ್ನೂ ಕಷ್ಟ. ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನು ತೇಲಿದ್ದು ನೆನಪಿರಬೇಕು. ಅಲ್ಲಿಯೂ ಆಮ್ಲಜನಕ ಕುಸಿದದ್ದೇ ಮಾತಾಗಿತ್ತು. ಕೊಳಚೆ ಬರುವ ಕೆರೆಗೆ ಇನ್ನಷ್ಟು ಪಾಚಿ ಸುರಿಯುವ ಮುಂಚೆ ಮೀನು ಗುತ್ತಿಗೆದಾರರನ್ನು ಒಂದು ಮಾತು ಕೇಳಿ.

ಇನ್ನೊಂದು. ಹಸಿರು ಪೇಂಟ್ ಚೆಲ್ಲಿದ ಹಾಗೆ ದಡದಲ್ಲಿ ಗಟ್ಟಿ ಪದರ ಕಟ್ಟುತ್ತದಲ್ಲ, ಅದೂ ಪಾಚಿಯೇನಾ?

ಲ್ಯಾಬ್ ಕೋಟು

ಒಳ್ಳೆ ಪ್ರಶ್ನೆ. ಅದು ಬಹಳ ಸಲ ಮೈಕ್ರೋಸಿಸ್ಟಿಸ್. ನೀಲಿ ಹಸಿರು ಪಾಚಿ ಅಂತ ಕರೆದರೂ ಅದು ಬ್ಯಾಕ್ಟೀರಿಯಾ ಜಾತಿ. ಮೈಕ್ರೋಸಿಸ್ಟಿನ್ ಎಂಬ ವಿಷ ಬಿಡಬಲ್ಲದು, ಪೆಟ್ಟು ಬೀಳುವುದು ಲಿವರ್‌ಗೆ. ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ದನ, ನಾಯಿ ಆ ಪದರ ಇರುವ ಕಡೆ ನೀರು ಕುಡಿಯದಂತೆ ನೋಡಿಕೊಳ್ಳಿ. ಅದನ್ನು ಕೊಲ್ಲಲು ಮೈಲುತುತ್ತ ಹಾಕುವವರಿದ್ದಾರೆ. ಹಾಕಿದರೆ ಕೋಶ ಒಡೆದು ವಿಷವೆಲ್ಲ ಒಮ್ಮೆಲೇ ನೀರಿಗೆ ಬರುತ್ತದೆ, ತಾಮ್ರ ಬೇರೆ ಉಳಿಯುತ್ತದೆ.

ಹಾಗಾಗಿ ಯಾರಾದರೂ ಕಲ್ಚರ್ ತಂದರೆ ಯಾವ ಜಾತಿ ಅಂತ ಬರೆದು ಕೊಡಿ ಅನ್ನಿ. ಕ್ಯಾನ್‌ನಲ್ಲಿ ಬಂದದ್ದೇ ಕೆರೆಯಲ್ಲಿ ಉಳಿಯುತ್ತದೆ ಅನ್ನುವ ಭರವಸೆಯಂತೂ ಯಾರೂ ಕೊಡಲಾರರು. ಕೊಳಚೆ ತುಂಬಿದ ಬೆಚ್ಚನೆ ನೀರಿನಲ್ಲಿ ಮೈಕ್ರೋಸಿಸ್ಟಿಸ್ ಮೇಲುಗೈ ಸಾಧಿಸುವುದೇ ಜಾಸ್ತಿ.

ರಾಯಚೂರು ಪ್ಯಾಸೆಂಜರ್

ನಮ್ಮ ಶಕ್ತಿನಗರದ ಥರ್ಮಲ್ ಸ್ಟೇಷನ್ನಿನ ಬೂದಿ ಹೊಂಡಕ್ಕೆ ಇಂಥದ್ದು ಏನಾದರೂ ಆಗುತ್ತದಾ? ಅಲ್ಲಿ ಕೊಳಚೆ ಇಲ್ಲ, ಬರೀ ಬೂದಿ ನೀರು.

ಲ್ಯಾಬ್ ಕೋಟು

ನೀವು ಕೇಳಿದ್ದು ಪಾಚಿಗೆ ಸರಿಯಾಗಿ ಒಪ್ಪುವ ಜಾಗ! ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಟರಾಂಗ್ ಎಂಬ ಕಲ್ಲಿದ್ದಲು ವಿದ್ಯುತ್ ಕೇಂದ್ರದ ಬೂದಿ ನೀರಿನಲ್ಲಿ ಜೇಮ್ಸ್ ಕುಕ್ ವಿಶ್ವವಿದ್ಯಾಲಯದವರು ಈಡೋಗೋನಿಯಂ ಬೆಳೆಸಿದರು. ಸಿಹಿನೀರಿನ ನೂಲಿನ ಪಾಚಿ ಅದು. ಅಲ್ಯೂಮಿನಿಯಂ, ಸತುವಿನಂಥ ಲೋಹಗಳನ್ನು ಬೆಳೆಯುವ ಪಾಚಿಯೇ ಹಿಡಿಯಿತು. ಆರ್ಸೆನಿಕ್, ಸೆಲೆನಿಯಂ ಋಣ ವಿದ್ಯುದಂಶದಲ್ಲಿ ಇರುತ್ತವೆ, ಹಸಿ ಪಾಚಿಗೆ ಅಷ್ಟು ಬಗ್ಗುವುದಿಲ್ಲ. ಅದಕ್ಕೆ ಬೆಳೆದ ಪಾಚಿಗೆ ಕಬ್ಬಿಣದ ಉಪ್ಪು ಸೇರಿಸಿ ಇದ್ದಿಲು ಮಾಡಿ ಪ್ರಯೋಗಿಸಿದರು.

ಅಲ್ಲಿ ಹೊಂದಿಕೊಂಡದ್ದಕ್ಕೆ ಕಾರಣ ಇದೆ. ನೀರು ಒಂದೇ ಕಡೆಯಿಂದ ಬರುತ್ತದೆ. ಹೊಂಡಕ್ಕೆ ಒಬ್ಬ ಯಜಮಾನ ಇದ್ದಾನೆ. ಪಾಚಿಗೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಪಕ್ಕದ ಚಿಮಣಿಯಲ್ಲೇ ಇದೆ. ಮೀನು ಹಿಡಿಯುವವರಿಲ್ಲ, ದನ ಇಳಿಯುವುದಿಲ್ಲ.

ಫ್ರೀಮಾಂಟ್ ಕನ್ನಡಿಗ

ವಿಷಯಕ್ಕೆ ಅಷ್ಟು ಸಂಬಂಧ ಇಲ್ಲ, ಆದರೂ ಹೇಳದೆ ಇರಲಾರೆ. ಕ್ಲೋಸ್ಟೀರಿಯಂ ಅಂತ ಬಾಲಚಂದ್ರನ ಆಕಾರದ ಒಂದು ಸಿಹಿನೀರಿನ ಪಾಚಿ ಇದೆ. ಎರಡು ತುದಿಯಲ್ಲೂ ಬೇರಿಯಂ ಸಲ್ಫೇಟಿನ ಸಣ್ಣ ಹರಳು ಕಟ್ಟಿಕೊಳ್ಳುತ್ತದೆ. ನೀರಿನಲ್ಲಿ ಸ್ಟ್ರಾನ್ಷಿಯಂ ಇದ್ದರೆ ಅದನ್ನೂ ಹರಳಿಗೆ ಸೇರಿಸುತ್ತದೆ, ಕ್ಯಾಲ್ಸಿಯಂ ಬಿಟ್ಟುಬಿಡುತ್ತದೆ. ಸ್ಟ್ರಾನ್ಷಿಯಂ 90 ಅಣು ತ್ಯಾಜ್ಯದ ದೊಡ್ಡ ಕಾಟ, ಅದರ ಅರ್ಧಾಯುಷ್ಯ ಸುಮಾರು 29 ವರ್ಷ. 2011ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಇದನ್ನು ಪ್ರಕಟಿಸಿದರು. ಫುಕುಶಿಮಾ ದುರಂತವೂ ಅದೇ ವರ್ಷ ಆದದ್ದರಿಂದ ಸುದ್ದಿಯೂ ಆಯಿತು. ಸೂಕ್ಷ್ಮದರ್ಶಕದಲ್ಲಿ ಆ ಹರಳು ನೋಡಿದರೆ ಎಂಥವರಿಗೂ ಪಾಚಿಯ ಮೇಲೆ ಪ್ರೀತಿ ಹುಟ್ಟುತ್ತದೆ.

ಕೆರೆ ಏರಿ

ಎಲ್ಲಾ ಓದಿದೆ. ಹಾಗಾದರೆ ನಮ್ಮಂಥ ಕೆರೆಗೆ ಏನು ಮಾಡಬೇಕು? ಪಾಚಿ ಪೂರ್ತಿ ಬಿಟ್ಟುಬಿಡೋದಾ?

ಜಕ್ಕೂರು ದಾರಿ

ನಮ್ಮ ಕಡೆ ಬಂದು ನೋಡಿ. ಜಕ್ಕೂರು ಕೆರೆ ಸುಮಾರು 160 ಎಕರೆ. ಮೇಲ್ಗಡೆ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ಕಟ್ಟಿದರು. ಅಲ್ಲಿಂದ ಹೊರಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಬೆಳೆದ ಜೌಗು, ಪಾಚಿ ಹೊಂಡ ದಾಟಿ ಆಮೇಲೆ ಕೆರೆ. ಉಳಿದ ಸಾರಜನಕ, ರಂಜಕ ಅಲ್ಲಿ ಇಳಿಯುತ್ತದೆ. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಇದನ್ನು ಅಳೆದು ನೋಡಿದೆ. ಮೈಸೂರಿನ ವಿದ್ಯಾರಣ್ಯಪುರಂ ಕಡೆಯ ಕೊಳಚೆ ಹೊಂಡಗಳಲ್ಲೂ ಪಾಚಿಯದ್ದೇ ಕೆಲಸ, ಅದನ್ನೂ ಐಐಎಸ್‌ಸಿಯವರು ಅಭ್ಯಾಸ ಮಾಡಿದ್ದಾರೆ.

ಆದರೆ ಸುಳ್ಳು ಹೇಳಬಾರದು. ಜೊಂಡು ಕಾಲಕಾಲಕ್ಕೆ ಕತ್ತರಿಸದೇ ಬಿಟ್ಟರೆ ಅದೇ ಕೊಳೆತು ಕೆಟ್ಟದಾಗುತ್ತದೆ. ಎಸ್‌ಟಿಪಿ ಒಂದು ದಿನ ಕೈಕೊಟ್ಟರೆ ಕೆರೆಗೆ ಅವತ್ತೇ ಗೊತ್ತಾಗುತ್ತದೆ. ಮತ್ತೆ ನಮ್ಮಲ್ಲಿ ಬರುವುದು ಬಹುತೇಕ ಮನೆಗಳ ಕೊಳಚೆ. ವರ್ಕ್‌ಶಾಪ್ ನೀರಿಗೆ ಈ ಲೆಕ್ಕ ಹಾಗೇ ಅನ್ವಯಿಸಬೇಡಿ.

ಪ್ಲೇಟಿಂಗ್ ಶಾಪ್

ಕೆರೆ ಏರಿ ಅವರೇ, ರಾಜಕಾಲುವೆ ಹಿಡಿದು ಮೇಲಕ್ಕೆ ನಡೆಯಿರಿ. ಯಾವ ಪೈಪ್ ಎಲ್ಲಿ ಸೇರುತ್ತದೆ ಅಂತ ಬರೆದುಕೊಳ್ಳಿ. ಹಗಲು ಏನೂ ಕಾಣುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ, ಇಲ್ಲವೇ ಜೋರು ಮಳೆ ಬಂದಾಗ ಹೋಗಿ. ಬಿಡುವವರು ಆಗಲೇ ಬಿಡುವುದು. ಆ ನಾಲ್ಕಾರು ಪೈಪ್ ನಿಲ್ಲಿಸಿದರೆ ಲೋಹದ ಮುಕ್ಕಾಲು ಕಥೆ ಮುಗಿಯುತ್ತದೆ.

ಕೆರೆ ಏರಿ

ಸರಿ. ಸಮಿತಿಯಲ್ಲಿ ಮೂರು ಪ್ರಶ್ನೆ ಇಡುತ್ತೇನೆ. ಯಾವ ಜಾತಿಯ ಪಾಚಿ, ಹಿಡಿದ ಮೇಲೆ ಹೊರಗೆ ತೆಗೆಯುವವರು ಯಾರು, ತೆಗೆದದ್ದು ಎಲ್ಲಿಗೆ ಹೋಗುತ್ತದೆ. ಉತ್ತರ ಬರಹದಲ್ಲಿ ಬರದೆ ಸಹಿ ಇಲ್ಲ. ಪೈಪ್ ಹುಡುಕಲು ಇಬ್ಬರು ಹುಡುಗರು ರೆಡಿ ಇದ್ದಾರೆ. ಸ್ಯಾಂಪಲ್ ಹೇಗೆ ತಗೋಬೇಕು ಅಂತ ಹೇಳಿಬಿಡಿ.

ಲ್ಯಾಬ್ ಕೋಟು

ಲೋಹಕ್ಕೆ ಪ್ಲಾಸ್ಟಿಕ್ ಬಾಟಲಿ ಸಾಕು, ಆದರೆ ಲ್ಯಾಬ್‌ನವರೇ ಆಸಿಡ್‌ನಲ್ಲಿ ತೊಳೆದು ಕೊಟ್ಟದ್ದು ಆಗಿರಲಿ. ತುಂಬಿದ ಕೂಡಲೇ ನೈಟ್ರಿಕ್ ಆಸಿಡ್ ಹನಿಸಿ ಪಿಎಚ್ 2ಕ್ಕಿಂತ ಕೆಳಗೆ ಇಡಬೇಕು, ಇಲ್ಲವಾದರೆ ಲೋಹ ಬಾಟಲಿ ಗೋಡೆಗೇ ಅಂಟಿ ರಿಪೋರ್ಟ್ ಕ್ಲೀನ್ ಅಂತ ಬರುತ್ತದೆ. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಮಾತ್ರ ಬೇರೆ ಬಾಟಲಿ, ಆಸಿಡ್ ಹಾಕದೆ, ಐಸ್ ಡಬ್ಬಿಯಲ್ಲಿ ಅದೇ ದಿನ ತಲುಪಿಸಿ. ನೀರು ಒಂದರಿಂದಲೇ ಏನೂ ತಿಳಿಯುವುದಿಲ್ಲ. ಕಾಲುವೆ ಕೆರೆಗೆ ಸೇರುವ ಬಾಯಿಯಲ್ಲಿ ಒಂದು, ಕೋಡಿ ಹತ್ತಿರ ಒಂದು, ಹೀಗೆ ಹೂಳನ್ನೂ ತೆಗೆಯಿರಿ. ಆಸಿಡ್ ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಲು ಆ ಹುಡುಗರಿಗೆ ಹೇಳಿ.

ಬಿಡದಿ ಸೀಮೆ

ರಿಪೋರ್ಟ್ ಬಂದರೆ ಇಲ್ಲೇ ಹಾಕಿ. ಅದೇ ಲ್ಯಾಬ್‌ಗೆ ನಾವೂ ಎರಡು ಬಾಟಲಿ ಕಳಿಸುತ್ತೇವೆ.